ಹೊಗೆಕೊಳವೆಯ ಮುಚ್ಚಳ

ನನ್ನ ತಂಗಿಯ ಗಂಡ ಸುಳ್ಳುಗಾರ. ಸಿಟ್ಟಿನಲ್ಲಿ ಹೇಳುತ್ತಿಲ್ಲ ಎಂದರೆ ಅದೂ ಒಂದು ಸುಳ್ಳಾದೀತು, ಸಿಟ್ಟಿನಲ್ಲೇ ಹೇಳುತ್ತಿದ್ದೇನೆ. ಹೊಟ್ಟೆಪಾಡಿಗೆ ಸುಳ್ಳು ಹೇಳುವವರನ್ನು ಕಂಡಿದ್ದೇನೆ. ಹೆದರಿ ಸುಳ್ಳು ಹೇಳುವವರನ್ನೂ ಕಂಡಿದ್ದೇನೆ. ಅವರಿಗೆ ಒಂದು ಕಾರಣವಾದರೂ ಇರುತ್ತದೆ. ಈ ಮನುಷ್ಯ, ಬೇರೆಯವರು ಕೂತಲ್ಲಿ ಕಾಲು ಅಲ್ಲಾಡಿಸುವ ಹಾಗೆ ಸುಳ್ಳು ಹೇಳುತ್ತಾನೆ.

ಅವನ ಎಡಗೈ ಹೆಬ್ಬೆರಳಿಗೆ ತುದಿ ಇಲ್ಲ. ನನಗೆ ಹೇಳಿದ್ದು ರೈಲಿನ ಬಾಗಿಲಿಗೆ ಸಿಕ್ಕಿತು ಎಂದು. ಬೀದಿ ಕೊನೆಯ ಟೈರ್ ಅಂಗಡಿಯವನಿಗೆ ಹೇಳಿದ್ದು ಮೊಸಳೆ. ಹಲ್ಲಿನ ಡಾಕ್ಟರಿಗೆ ಏನು ಹೇಳಿದ್ದಾನೋ ತಿಳಿಯದು, ಅವರು ಇವನನ್ನು ಕಂಡಾಗಲೆಲ್ಲ ಯುದ್ಧದಿಂದ ಮರಳಿದವನನ್ನು ಮಾತಾಡಿಸುವ ಹಾಗೆ ಎದ್ದು ನಿಂತು ಮಾತಾಡಿಸುತ್ತಾರೆ. ನಿಜ ಇಷ್ಟೇ: ಮಾಂಸ ಕೊಚ್ಚುವಾಗ ಯಾರ ಜೊತೆಗೋ ಹರಟುತ್ತಿದ್ದ, ಕತ್ತಿ ಜಾರಿತು. ರಕ್ತ ಒರೆಸಿದವಳು ನನ್ನ ತಂಗಿ. ಬೀದಿಯವರು ಅವನನ್ನು ಬುರುಡೆ ಎಂದೇ ಕರೆಯುತ್ತಾರೆ, ಎದುರಿಗೇ. ಅವನು ಓಗೊಡುತ್ತಾನೆ. ನಾಚಿಕೆಯಾದರೂ ಬೇಡವೇ?

ಇವರದು ಹೊಗೆಯಲ್ಲಿ ಬೇಯಿಸಿದ ಮಾಂಸದ ಅಂಗಡಿ. ಬೀದಿಗೆ ಅಂಗಡಿ, ಅದರ ಹಿಂದೆ ಗೋಡೆ, ಗೋಡೆಯ ಹಿಂದೆ ತಗಡು ಹೊದಿಸಿದ ಹಿತ್ತಲು. ಹಿತ್ತಲಲ್ಲಿ ಆ ಒಲೆ. ಆಳುದ್ದದ ಕಬ್ಬಿಣದ ಪೀಪಾಯಿಯೊಂದು ಅಡ್ಡಡ್ಡ ಮಲಗಿದೆ. ಅದರ ಒಂದು ತುದಿಗೆ, ಸ್ವಲ್ಪ ಕೆಳಗೆ, ಬೆಂಕಿಗೂಡು. ಇನ್ನೊಂದು ತುದಿಯಲ್ಲಿ ಹೊಗೆಕೊಳವೆ, ಅದಕ್ಕೊಂದು ಕೀಲಿನ ಮುಚ್ಚಳ. ಬೆಂಕಿ ಒಂದು ಪಕ್ಕದಲ್ಲಿ ಉರಿಯುತ್ತದೆ, ಮಾಂಸ ಪೀಪಾಯಿಯೊಳಗೆ ಇರುತ್ತದೆ, ಎರಡೂ ಒಂದರ ಮುಖ ಒಂದು ನೋಡುವುದಿಲ್ಲ. ಬಿಸಿಯೂ ಹೊಗೆಯೂ ಮಾಂಸವನ್ನು ಸವರಿಕೊಂಡು ಕೊಳವೆಯಿಂದ ಹೊರಗೆ ಹೋಗುತ್ತವೆ. ಬೆಳಕು ಹರಿಯುವ ಮೊದಲೇ ಹಚ್ಚಿದರೆ ದಪ್ಪ ತುಂಡುಗಳು ಮೆತ್ತಗಾಗುವ ಹೊತ್ತಿಗೆ ಸಂಜೆ. ಆ ಇಡೀ ದಿನ ಬೆಂಕಿಯನ್ನು ಒಂದೇ ಹದದಲ್ಲಿ ಇಡುವುದೇ ಈ ಕಸುಬು. ಮಿಕ್ಕಿದ್ದೆಲ್ಲ ಉಪ್ಪು ಮತ್ತು ಕಾಯುವುದು.

ಆ ಪೀಪಾಯಿ ಮುಳುಗಿದ ಹಡಗಿನ ಎಂಜಿನ್ನಿನ ಹೊಟ್ಟೆಯಂತೆ. ಗಿರಾಕಿಗಳಿಗೆ ಅವನು ಹಾಗೆ ಹೇಳುತ್ತಾನೆ. ಅದು ಡೀಸೆಲ್ ತುಂಬುತ್ತಿದ್ದ ಹಳೇ ಟ್ಯಾಂಕು. ಗುಜರಿಯಲ್ಲಿ ಹುಡುಕಿ, ವಾದ ಮಾಡಿ, ಗಾಡಿಯ ಮೇಲೆ ಹೇರಿಸಿಕೊಂಡು ಬಂದು, ಒಳಗೆ ದಿನಗಟ್ಟಲೆ ಸುಟ್ಟು ವಾಸನೆ ಬಿಡಿಸಿದವಳು ನನ್ನ ತಂಗಿ. ಹಡಗಿನ ಕತೆಯಲ್ಲಿ ಅವಳು ಬರುವುದೇ ಇಲ್ಲ.

ಒಂದು ವಿಷಯಕ್ಕೆ ಮಾತ್ರ ಅವನ ಸುಳ್ಳು ಹೋಗುತ್ತಿರಲಿಲ್ಲ. ಒಲೆಯಿಂದ ತೆಗೆದದ್ದು ಹದವಾಗಿಲ್ಲದಿದ್ದರೆ ಅಂಗಡಿಯ ಮುಂದೆ ನಿಂತು, "ಇವತ್ತು ಗಟ್ಟಿಯಾಗಿದೆ, ತಗೋಬೇಡಿ, ನಾಳೆ ಬನ್ನಿ," ಎಂದು ಬಂದವರನ್ನು ಕಳಿಸಿಬಿಡುತ್ತಿದ್ದ. ಆದರೆ "ನನ್ನ ಬೆಂಕಿ ಇವತ್ತಿನವರೆಗೆ ಕಹಿ ಹೊಗೆ ಕೊಟ್ಟಿಲ್ಲ," ಎನ್ನುತ್ತಿದ್ದ. ಅದು ನಿಜ. ಮಹಡಿಯ ಮೇಲಿನ ಕೋಣೆಯಲ್ಲಿರುವ ನನಗೆ ಹಿತ್ತಲು ಕಾಣದು, ತಗಡಷ್ಟೇ ಕಾಣುತ್ತದೆ. ಆದರೆ ತಗಡಿನ ಅಂಚಿನಿಂದ ಏಳುವ ಹೊಗೆಯನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ಯಾವತ್ತೂ ತೆಳು, ನೀಲಿ. ದಪ್ಪ ಬಿಳಿ ಹೊಗೆ ಎಂದರೆ ಸೌದೆ ಉರಿಯುತ್ತಿಲ್ಲ, ಉಸಿರುಕಟ್ಟಿ ಕಮರುತ್ತಿದೆ ಎಂದರ್ಥ. ಆ ಹೊಗೆ ತಾಗಿದ ಮಾಂಸ ಡಾಂಬರು ನೆಕ್ಕಿದ ಹಾಗಿರುತ್ತದೆ.

ಇಂಥ ಬೆಂಕಿಯ ಹತ್ತಿರ ಅವನು ಹೆಂಡತಿಯನ್ನು ಸುಳಿಯಗೊಡಲಿಲ್ಲ. ಅವಳ ಜಾಗ ಮುಂದೆ, ಅಂಗಡಿಯ ಸ್ಟೂಲಿನ ಮೇಲೆ. ಬೆಳಿಗ್ಗೆ ಬೂದಿ ತೆಗೆಯುವುದು, ಸಂಜೆ ಜಿಡ್ಡು ಕೆರೆಯುವುದು ಅವಳ ಪಾಲು. ನಡುವೆ ಉರಿಯುವ ಬೆಂಕಿ ಅವನ ಪಾಲು. ಯಾಕೆ ಎಂದು ನಾನೊಮ್ಮೆ ನೇರವಾಗಿ ಕೇಳಿದೆ.

"ಬೆಂಕಿ ಒಂದೇ ಕೈ ಗುರುತು ಹಿಡಿಯುತ್ತೆ ಅತ್ತಿಗೆ. ಎರಡನೇ ಕೈ ತಗುಲಿದ್ರೆ ಮುನಿಸ್ಕೊಳ್ಳುತ್ತೆ."

"ಬೆಂಕಿಗೆ ಬೇಕಾಗಿರೋದು ಗಾಳಿ ಮತ್ತು ಒಣ ಸೌದೆ. ನಿಮ್ಮ ಕೈಯಲ್ಲ," ಎಂದೆ.

"ನೀವು ಓದಿದವರು, ಹಾಗೇ ಹೇಳ್ಬೇಕು," ಎಂದು ನಕ್ಕ. ಆ ನಗುವಿಗೆ ನನಗೆ ಬಂದ ಕೋಪ ಇನ್ನೂ ಇಳಿದಿಲ್ಲ. ತಾನು ಕಲಿಸಲು ಸಿದ್ಧನಿಲ್ಲ ಎನ್ನುವುದನ್ನು ಬೆಂಕಿಯ ಮುನಿಸಿನ ಮೇಲೆ ಹೊರಿಸುವುದು ಎಂಥ ಸೋಗು!

ಕಲಿಯಬೇಕೆಂಬ ಆಸೆ ಅವಳಿಗೆ ಇತ್ತು, ಹೇಳಿರಲಿಲ್ಲ ಅಷ್ಟೆ. ಅದು ಹೊರಬಿದ್ದದ್ದು ಬಸ್ ಡಿಪೋದ ಕ್ಯಾಂಟೀನ್ ಮೇಡಂ ಬಂದ ದಿನ. ಗಿಡ್ಡ ಹೆಂಗಸು, ಮಾತು ಮಾತ್ರ ಮಾರುದ್ದ. ಡಿಪೋದಲ್ಲಿ ಇಂಥದೇ ಒಂದು ಒಲೆ ಹಾಕಿಸಿ, ಕ್ಯಾಂಟೀನಿನ ಪಕ್ಕದಲ್ಲಿ ಅಂಗಡಿ ಕೊಡುತ್ತೇವೆ ಎಂದರು.

"ಆದ್ರೆ ನಿಮ್ಮ ಯಜಮಾನ್ರು ಎರಡು ಕಡೆ ಇರೋಕಾಗಲ್ಲ. ನಂಗೆ ಬೆಂಕಿ ನೋಡ್ಕೊಳ್ಳೋರು ಬೇಕು, ಕಟ್ ಮಾಡೋರಲ್ಲ. ನಿಮ್ಗೆ ಬರುತ್ತಾ?"

"ಬರುತ್ತೆ," ಎಂದಳು ನನ್ನ ತಂಗಿ.

ನಾನು ಅವಳ ಕಡೆ ನೋಡಿದೆ. ಅವಳ ಗಂಡನೂ ನೋಡಿದ. ಈ ಮನೆಯಲ್ಲಿ ಸುಳ್ಳು ಅವನೊಬ್ಬನ ಗುತ್ತಿಗೆ ಎಂದು ಇಬ್ಬರೂ ಅಂದುಕೊಂಡಿದ್ದೆವು.

"ಸರಿ," ಎಂದರು ಮೇಡಂ. "ಬರೋ ಶನಿವಾರ ನಮ್ಮ ಮುಖ್ಯ ಮೆಕ್ಯಾನಿಕ್ ರಿಟೈರ್ ಆಗ್ತಿದ್ದಾರೆ, ಸಂಜೆ ಊಟ ಇದೆ. ಅವತ್ತಿನ ಮಾಂಸ ನಿಮ್ಮ ಕೈದು. ನಿಮ್ಮೊಬ್ಬರದ್ದೇ. ಯಜಮಾನ್ರು ಆ ಕಡೆ ತಲೆ ಹಾಕ್ಬಾರ್ದು. ಚೆನ್ನಾಗಿದ್ರೆ ಅಂಗಡಿ ನಿಮ್ದು."

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಅವಳು ಪಾತ್ರೆ ಉಜ್ಜುತ್ತ, ತಲೆ ಎತ್ತದೆ ಹೇಳಿದಳು: "ನಂಗೂ ಒಂದು ಬೆಂಕಿ ಬೇಕು ಅಕ್ಕ. ಸಾಯೋದ್ರೊಳಗೆ. ಆ ಸ್ಟೂಲಿನ ಮೇಲೆ ಕೂತು ಕೂತು ನಾನೂ ಮರವಾಗಿದ್ದೀನಿ."

ಅವನು ಬಾಗಿಲಿಗೆ ಒರಗಿ ನಿಂತಿದ್ದ. "ನಂಗೇನು? ಶನಿವಾರ ಹಲ್ಲಿನ ಡಾಕ್ಟರ್ ಹತ್ರ ಹೋಗ್ತೀನಿ. ಸಂಜೆವರೆಗೂ ಬರಲ್ಲ. ನಿನ್ನ ಬೆಂಕಿ, ನಿನ್ನ ಪಾಡು."

"ಸಂಜೆವರೆಗೂ ಯಾವ ಹಲ್ಲು ನೋಡ್ತಾರ್ರೀ? ನಿಮ್ದಾ, ಊರೋರದ್ದಾ?" ಎಂದಳು ತಂಗಿ.

"ದವಡೆನೇ ಬಿಚ್ಚಿ ತೊಳೀತಾರಂತೆ."

"ಹಂಗಾದ್ರೆ ನಾಲಗೆನೂ ತೊಳೀಲಿ. ಅದಕ್ಕೆ ಎರಡು ದಿನ ಹಿಡಿದ್ರೂ ಪರವಾಗಿಲ್ಲ."

ಶನಿವಾರ ಕತ್ತಲಿರುವಾಗಲೇ ಅವಳು ಒಲೆ ಹಚ್ಚಿದಳು. ಅಂಗಡಿಗೆ ಅಂದು ರಜೆ. ನಾನು ಕೆಳಗಿಳಿದು ನೋಡಿದೆ. ಕೊಳವೆಯ ಮುಚ್ಚಳ ಪೂರ್ತಿ ತೆರೆದಿತ್ತು. ಬೆಂಕಿಗೂಡಿನಲ್ಲಿ ನಿಗಿನಿಗಿ ಕೆಂಡದ ಹಾಸು, ಅದರ ಮೇಲೆ ಒಂದೇ ಒಂದು ಸೀಳು ಸೌದೆ, ಚೊಕ್ಕ ಉರಿ. ಮುಂದಿನ ಸೀಳನ್ನು ಗೂಡಿನ ತಲೆಯ ಮೇಲೆ ಬಿಸಿಗಿಟ್ಟಿದ್ದಳು. ಹಾಗೆ ಕಾದ ಸೌದೆ ಒಳಗೆ ಬಿದ್ದ ಕೂಡಲೇ ಹೊತ್ತಿಕೊಳ್ಳುತ್ತದೆ, ಹೊಗೆಯಾಡುತ್ತ ಕೂರುವುದಿಲ್ಲ. ಯಾರೂ ಕಲಿಸದೆ ಇಷ್ಟನ್ನು ಅವಳು ಬೂದಿ ನೋಡಿ ಕಲಿತಿದ್ದಳು, ಮುಗಿದುಹೋದ ಪರೀಕ್ಷೆಯ ಪ್ರಶ್ನೆಪತ್ರಿಕೆ ನೋಡಿ ಪಾಠ ಕಲಿತ ಹಾಗೆ. ತಗಡಿನ ಅಂಚಿನಿಂದ ಎದ್ದ ಹೊಗೆ ತೆಳುವಾಗಿ, ನೀಲಿಯಾಗಿ ಇತ್ತು.

ಗಂಡ ಮಹಾಶಯ ತಲೆ ಬಾಚಿಕೊಂಡು, ಕೆನ್ನೆ ಹಿಡಿದುಕೊಂಡು, ನರಳುತ್ತ ಹೊರಟ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬೀದಿಯ ಕೊನೆ ದಾಟಲಿಲ್ಲ. ಟೈರ್ ಅಂಗಡಿಯ ಮುಂದೆ ಪೇರಿಸಿಟ್ಟ ಟೈರುಗಳ ಮೇಲೆ ಹತ್ತಿ ಕೂತ. ಹಲ್ಲಿನ ನೋವು ಅಲ್ಲೇ ವಾಸಿಯಾಯಿತು. ಅಲ್ಲಿಂದ ನಮ್ಮ ತಗಡು ನೇರ ಕಾಣುತ್ತದೆ.

ಬೆಳಿಗ್ಗೆಯೆಲ್ಲ ಕೂತ. ಟೈರ್ ಅಂಗಡಿಯವನ ಟೀ ಕುಡಿದ. ಆದರೆ ಕಣ್ಣು ಈ ಕಡೆಯಿಂದ ಕದಲಲಿಲ್ಲ. ನನಗೆ ಮೈ ಉರಿಯಿತು. ಹೆಂಡತಿ ಮುಗ್ಗರಿಸುವುದನ್ನು ನೋಡಲು ಮುಂದಿನ ಸಾಲಿನಲ್ಲಿ ಆಸನ ಹಿಡಿದು ಕೂತಿದ್ದಾನೆ ಎಂದುಕೊಂಡೆ. ಇಷ್ಟು ವರ್ಷ ಬೆಂಕಿಯನ್ನು ಬಚ್ಚಿಟ್ಟವನಿಗೆ, ಅವಳು ಗೆದ್ದರೆ ಹೊಟ್ಟೆಕಿಚ್ಚಾಗದೆ ಇನ್ನೇನಾದೀತು? ಅಂದು ನನ್ನನ್ನು ಕೇಳಿದ್ದರೆ ಇದನ್ನು ಬರೆದು ಸಹಿ ಹಾಕಿಕೊಡುತ್ತಿದ್ದೆ.

ಇಲ್ಲಿ ಮೀಸೆಯ ವಿಚಾರ ಹೇಳಬೇಕು. ಪಕ್ಕದ ಬೀದಿಯಲ್ಲಿ ಮೀನನ್ನು ಹೊಗೆಗಿಟ್ಟು ಮಾರುವವನು ಮೀಸೆ. ಅವನೂ ಒಂದು ಪೀಪಾಯಿ ಒಲೆ ಮಾಡಿಸಿ ಮಾಂಸಕ್ಕೆ ಕೈ ಹಾಕಿದ್ದಾನೆ. ಎರಡು ದಿನಕ್ಕೊಮ್ಮೆ ನಮ್ಮ ಅಂಗಡಿಯ ಮುಂದೆ ಬಂದು ನಿಂತು ಗುಟ್ಟು ಕೆದಕುತ್ತಾನೆ. ಅವನ ತೊಡಕು ಒಂದೇ. ಈ ಬಗೆಯ ಅಡುಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮಾಂಸ ಮೊಂಡು ಹಿಡಿಯುತ್ತದೆ. ಅಲ್ಲಿಯವರೆಗೆ ಏರುತ್ತಿದ್ದ ಒಳಗಿನ ಬಿಸಿ ತಟ್ಟನೆ ನಿಂತುಬಿಡುತ್ತದೆ. ಚುಚ್ಚಿಟ್ಟ ಮಾಪಕದ ಮುಳ್ಳು ಅಲ್ಲಾಡುವುದೇ ಇಲ್ಲ. ಬೆವರಿದ ಮೈಗೆ ಗಾಳಿ ತಾಗಿ ತಂಪಾಗುವ ಹಾಗೆ, ಮಾಂಸವೂ ತನ್ನ ನೀರನ್ನು ಬೆವರಿ ತಂಪಾಗುತ್ತಿರುತ್ತದೆ. ಅದಕ್ಕೆ ಮದ್ದು, ಏನೂ ಮಾಡದೆ ಕಾಯುವುದು. ಆದರೆ ಮೀಸೆ ಕೇಳಿದಾಗಲೆಲ್ಲ ಬುರುಡೆ ದನಿ ತಗ್ಗಿಸಿ, ಅತ್ತಿತ್ತ ನೋಡಿ, ಹೇಳುತ್ತಿದ್ದ: "ಯಾರಿಗೂ ಹೇಳ್ಬೇಡ. ಮೊಂಡು ಹಿಡಿದ ಕೂಡ್ಲೆ ಕೊಳವೆ ಮುಚ್ಚಿಬಿಡು. ಹೊಗೆ ಒಳಗೇ ಕುದೀಬೇಕು."

ಮೀಸೆ ಮುಚ್ಚುತ್ತಿದ್ದ. ಅವನ ಮಾಂಸ ಕಹಿಯಾಗುತ್ತಿತ್ತು. ಅವನು ಮತ್ತೆ ಬರುತ್ತಿದ್ದ. "ಇನ್ನೂ ಬಿಗಿಯಾಗಿ ಮುಚ್ಚು," ಎನ್ನುತ್ತಿದ್ದ ಇವನು.

ಇದೆಲ್ಲ ನಡೆಯುತ್ತಿದ್ದದ್ದು ಅಂಗಡಿಯ ಸ್ಟೂಲಿನ ಪಕ್ಕದಲ್ಲಿ. ಸ್ಟೂಲಿನ ಮೇಲೆ ಕೂತಿದ್ದವಳು ನನ್ನ ತಂಗಿ. ಬೇಗ ಬೇಯುವ ಸಣ್ಣ ತುಂಡುಗಳಿಗೆ ಮಧ್ಯಾಹ್ನ ಗಿರಾಕಿಗಳ ನೂಕುನುಗ್ಗಲು. ಆ ಹೊತ್ತಿನಲ್ಲಿ ಹಿತ್ತಲಿನ ಕೊಳವೆ ತೆರೆದಿದೆಯೋ ಮುಚ್ಚಿದೆಯೋ ಎಂದು ಅವಳು ಒಂದು ದಿನವೂ ಕಂಡವಳಲ್ಲ. ಮಧ್ಯಾಹ್ನದ ಬೆಂಕಿಯ ಬಗ್ಗೆ ಅವಳ ಕಿವಿಗೆ ಬಿದ್ದಿದ್ದ ಪಾಠ ಅದೊಂದೇ. ಗಂಡ ಬೇರೆಲ್ಲದರಲ್ಲೂ ಸುಳ್ಳು, ಬೆಂಕಿಯಲ್ಲಿ ಮಾತ್ರ ನಿಜ ಎಂದು ಅವಳೂ ನನ್ನ ಹಾಗೆಯೇ ನಂಬಿದ್ದಳು. ಮೀಸೆಯದು ಕಹಿಯಾಗುವುದು ಬಿಗಿ ಸಾಲದೆ ಎಂದುಕೊಂಡಿದ್ದಳು.

ಮಧ್ಯಾಹ್ನ ಮಾಂಸ ಮೊಂಡು ಹಿಡಿಯಿತು. ಮುಳ್ಳು ನಿಂತಿತು. ಅವಳು ಕಾದಳು, ಇನ್ನೂ ಕಾದಳು. ಸಂಜೆಯ ಊಟ ಕಣ್ಣ ಮುಂದೆ ಬಂತು. ಎದ್ದು ಕೊಳವೆಯ ಮುಚ್ಚಳ ಮುಚ್ಚಿದಳು, ಬಿಗಿಯಾಗಿ. ಊಟಕ್ಕೆ ಕರೆಯಲು ಹೋದ ನಾನು ಬಾಗಿಲಲ್ಲೇ ನಿಂತು ಒಳಗೆ ಬಾ ಎಂದೆ. "ಬಂದೆ ಅಕ್ಕ, ಈಗ ಸರಿಹೋಗುತ್ತೆ," ಎಂದು ಕೈ ತೊಳೆದುಕೊಂಡು ಬಂದಳು. ನಿಧಾನವಾಗಿ ಉಂಡಳು. ಅಂದು ಅವಳ ಮುಖದಲ್ಲಿ ಇದ್ದ ನೆಮ್ಮದಿಯನ್ನು ನೆನೆದರೆ ಈಗಲೂ ನನಗೆ ಆ ಮನುಷ್ಯನ ಕಿವಿ ಹಿಂಡಬೇಕೆನ್ನಿಸುತ್ತದೆ.

ಊಟ ಮುಗಿಸಿ ಮಹಡಿ ಹತ್ತಿದೆ. ತಗಡಿನ ಸಂದುಸಂದಿನಿಂದ ಬಿಳಿ ಹೊಗೆ, ಹಿಂಜಿದ ಹತ್ತಿಯ ಹಾಗೆ. ಟೈರುಗಳ ಕಡೆ ನೋಡಿದೆ. ಅವನು ಎದ್ದು ನಿಂತಿದ್ದ. ಒಂದು ಹೆಜ್ಜೆ ಇಟ್ಟ, ನಿಂತ. ಮತ್ತೆ ಕೂತ, ಮತ್ತೆ ಎದ್ದ. ತಲೆ ಹಾಕಬಾರದು ಎಂದು ಮೇಡಂ ಹೇಳಿದ್ದರಲ್ಲ! ಜೀವನದಲ್ಲಿ ಮೊದಲ ಸಲ ಒಂದು ಮಾತು ಉಳಿಸಿಕೊಳ್ಳಲು ಹೊರಟಿದ್ದ, ಅದೂ ಬೇಡದ ಹೊತ್ತಿನಲ್ಲಿ. ಕೊನೆಗೆ ಓಡಿದ. ಆ ವಯಸ್ಸಿನಲ್ಲಿ, ಆ ಹೊಟ್ಟೆ ಹೊತ್ತುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ.

ನಾನು ಕೆಳಗಿಳಿಯುವಷ್ಟರಲ್ಲಿ ಅವನು ಬರಿಗೈಯಲ್ಲೇ ಮುಚ್ಚಳ ತೆರೆದಿದ್ದ, ಬೆಂಕಿಗೂಡಿನ ಬಾಗಿಲು ಒದ್ದು ತೆಗೆದಿದ್ದ. ಉರಿ ಭುಗ್ಗೆಂದು ಎದ್ದಿತು. ಹೊಗೆ ತೆಳುವಾಯಿತು. ಆದರೆ ಮಾಂಸದ ಮೈಮೇಲೆ ಕಪ್ಪು ಮೇಣದಂಥ ಪದರ ಕೂತುಬಿಟ್ಟಿತ್ತು. ಅವನು ಬೆರಳಲ್ಲಿ ಮುಟ್ಟಿ ನಾಲಗೆಗೆ ಹಚ್ಚಿದ.

"ಯಾಕೆ ಮುಚ್ದೆ?" ಎಂದ.

"ನೀವೇ ಹೇಳಿದ್ರಲ್ಲ."

"ಅದು ಮೀಸೆಗೆ ಹೇಳಿದ್ದು ಕಣೇ! ನಿಂಗೆ ಹೇಳಿದ್ನಾ?"

"ನಂಗೆ?" ಎಂದಳು ಅವಳು. ದನಿ ಏರಿಸಲಿಲ್ಲ. "ನಂಗೆ ಇಷ್ಟು ವರ್ಷ ಏನು ಹೇಳಿದ್ರಿ? ಒಂದು ನಿಜಾನೂ ಹೇಳ್ಲಿಲ್ಲ, ಒಂದು ಸುಳ್ಳೂ ಹೇಳ್ಲಿಲ್ಲ. ಪಕ್ಕದವನಿಗೆ ಹೇಳಿದ ಸುಳ್ಳನ್ನೇ ಹೆಕ್ಕೊಂಡು ತಿಂದೆ."

ಮೇಡಂ ಸಂಜೆಗೆ ಮುಂಚೆಯೇ ಬಂದರು. ಪೀಪಾಯಿ ತೆರೆಸಿದರು. ಅಂಚಿನ ಒಂದು ಚೂರು ಕತ್ತರಿಸಿ ಬಾಯಿಗೆ ಹಾಕಿಕೊಂಡರು, ಕರವಸ್ತ್ರಕ್ಕೆ ಉಗಿದರು.

"ಇದೇನಮ್ಮಾ, ವಿಷದ ಹಾಗಿದೆ! ಬೆಂಕಿ ಯಾರು ನೋಡ್ಕೊಂಡಿದ್ದು?"

ನನ್ನ ತಂಗಿ ಬಾಯಿ ತೆರೆದಳು. ಅವಳು ನಿಜವನ್ನೇ ಹೇಳುತ್ತಿದ್ದಳು, ನನಗೆ ಗೊತ್ತು. ಒಂದು ಸಲ ಸುಳ್ಳು ಹೇಳಿ ಅವಳಿಗೆ ಸಾಕಾಗಿತ್ತು. ಆದರೆ ಅವನು ಮುಂದೆ ಬಂದ.

"ನಾನು ಮುಚ್ಚಿದ್ದು ಮೇಡಂ, ಕೊಳವೆ," ಎಂದ.

"ನೀವಾ? ನೀವು ಈ ಕಡೆ ಬರ್ಬಾರ್ದು ಅಂತ ಹೇಳಿದ್ನಲ್ಲ?"

"ಬಂದೆ. ಅವಳು ಊಟಕ್ಕೆ ಒಳಗೆ ಹೋಗಿದ್ಲು. ನೋಡಿದ್ರೆ ಹೊಗೆ ನನ್ನದಕ್ಕಿಂತ ಚೊಕ್ಕವಾಗಿ ಏಳ್ತಿದೆ. ಹೊಟ್ಟೆಕಿಚ್ಚು. ಮುಚ್ಚಿಬಿಟ್ಟೆ."

"ರೀ..." ಎಂದಳು ತಂಗಿ.

"ನೀನು ಸುಮ್ನಿರು. ಗಂಡನ ಮರ್ಯಾದೆ ಕಾಪಾಡೋಕೆ ಬರ್ಬೇಡ. ಇವಳು ನನ್ನ ಮೇಲೆ ಹೇಳಲ್ಲ ಮೇಡಂ, ತಪ್ಪು ತನ್ನದೇ ಅಂತಾಳೆ ನೋಡ್ತಿರಿ. ಬೇಕಿದ್ರೆ ಅತ್ತಿಗೆನ ಕೇಳಿ. ಅವರಿಗೆ ನಾನು ಎಂಥವನು ಅಂತ ಚೆನ್ನಾಗಿ ಗೊತ್ತು."

ಮೇಡಂ ನನ್ನ ಕಡೆ ತಿರುಗಿದರು. ಬಿಳಿ ಹೊಗೆ ಏಳುವ ಮೊದಲು ಅವನು ಹಿತ್ತಲ ಬಾಗಿಲ ಹತ್ತಿರವೂ ಬಂದಿರಲಿಲ್ಲ. ಮುಚ್ಚಳ ಮುಚ್ಚಿದಾಗ ಟೈರುಗಳ ಮೇಲೆ ಕೂತಿದ್ದ. ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೆ ನಾನು ಬೆಳಿಗ್ಗೆಯಿಂದ ಕಿಟಕಿಯಲ್ಲಿ ನಿಂತು ಅವನ ಬಗ್ಗೆ ಏನೇನು ಅಂದುಕೊಂಡಿದ್ದೆನೋ ಅದನ್ನೇ ಅವನು ಪದ ಬಿಡದೆ ಬಾಯಿಬಿಟ್ಟು ಹೇಳಿದ್ದ. ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟೆ.

"ಎಂಥವನು ಅಂತ ಗೊತ್ತು," ಎಂದೆ.

ಮೇಡಂ ಅವನಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯಲಾರೆ. ಕಟ್ಟಿಕೊಂಡ ಹೆಂಡತಿಯ ಅನ್ನಕ್ಕೆ ಮಣ್ಣು ಹಾಕುವವನು ಎಂಬುದು ಅದರಲ್ಲಿ ಮೆತ್ತನೆಯ ಮಾತು. ಹಿತ್ತಲ ಬೇಲಿಯಾಚೆ ಮೀಸೆ, ಟೈರ್ ಅಂಗಡಿಯವನು, ಎಲ್ಲರೂ ಕತ್ತು ಚಾಚಿ ಕೇಳಿಸಿಕೊಂಡರು. ಬುರುಡೆಯ ಬೆಂಕಿ ಕಹಿ ಹೊಗೆ ಕೊಟ್ಟಿತು, ಅವನೇ ಕೊಡಿಸಿದ ಎಂಬ ಸುದ್ದಿ ದೀಪ ಹಚ್ಚುವ ಹೊತ್ತಿಗೆ ಬೀದಿಯೆಲ್ಲ ಹಬ್ಬಿತ್ತು. ಅವನು ತಲೆ ತಗ್ಗಿಸಿ ನಿಂತಿದ್ದ. ಆ ತಲೆ ತಗ್ಗಿಸಿದ್ದರಲ್ಲಿ ನಟನೆ ಎಷ್ಟು, ನಿಜ ಎಷ್ಟು ಎಂದು ಹೇಳಲು ನನ್ನಿಂದಾಗದು.

"ಮೇಲಿನ ಪದರ ಪೂರ್ತಿ ಕೆತ್ತಿಬಿಡಿ, ಒಳಗಿಂದು ತಿನ್ನೋ ಹಾಗಿದೆ," ಎಂದರು ಮೇಡಂ ಕೊನೆಗೆ. "ಮುಂದಿನ ವಾರ ನೀವು ಡಿಪೋಗೇ ಬನ್ನಮ್ಮ. ಅಲ್ಲೇ ಹಚ್ಚಿ ತೋರ್ಸಿ. ಈ ಮನುಷ್ಯನ್ನ ಗೇಟ್ ಒಳಗೆ ಬಿಟ್ಕೊಳ್ಳಲ್ಲ ನಾನು."

ಆ ರಾತ್ರಿಯೂ ನನ್ನ ಕೋಪ ಕಡಿಮೆಯಾಗಿರಲಿಲ್ಲ, ದಿಕ್ಕು ತಪ್ಪಿತ್ತು ಅಷ್ಟೆ. ತಾನೇ ಹಚ್ಚಿದ ಮನೆಗೆ ತಾನೇ ನೀರು ಹೊತ್ತವನನ್ನು ಹೊಗಳುವ ಅಭ್ಯಾಸ ನನಗಿಲ್ಲ. ಸುಳ್ಳಿನಿಂದ ಕೆಡಿಸಿದ, ಸುಳ್ಳಿನಿಂದ ತೇಪೆ ಹಾಕಿದ. ನಡುವೆ ಎಲ್ಲಾದರೂ ಒಂದು ನಿಜ ಹೇಳಿ ಕಲಿಸಿದ್ದರೆ ಎರಡೂ ಬೇಕಾಗುತ್ತಿರಲಿಲ್ಲವಲ್ಲ?

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಸುತ್ತಿಗೆಯ ಸದ್ದು. ನಾನು ಇಳಿಯುವಷ್ಟರಲ್ಲಿ ನಿಂತಿತ್ತು. ಒಲೆ ಹೊತ್ತಿತ್ತು. ಕೊಳವೆಯ ಬಾಯಿಗೆ ಮುಚ್ಚಳ ಇರಲಿಲ್ಲ. ಕೀಲು ಒಡೆದ ಜಾಗದಲ್ಲಿ ಕಬ್ಬಿಣ ಹೊಳೆಯುತ್ತಿತ್ತು. ಅವನು ಸುತ್ತಿಗೆ ಕೆಳಗಿಡುತ್ತಿದ್ದ, ತಂಗಿ ಸೆರಗು ಸಿಕ್ಕಿಸಿಕೊಂಡು ಅಲ್ಲೇ ನಿಂತಿದ್ದಳು. ನಿನ್ನೆಯ ತಮಾಷೆಯ ಮುಂದಿನ ಭಾಗ ನೋಡಲು ಮೀಸೆ ಬೆಳಿಗ್ಗೆ ಬೆಳಿಗ್ಗೆಯೇ ಬೇಲಿಗೆ ಬಂದಿದ್ದ.

"ಏನಯ್ಯಾ ಬುರುಡೆ, ಮುಚ್ಚಳ ಎಲ್ಲಿ?"

"ಕಾಗೆ ಎತ್ಕೊಂಡು ಹೋಯ್ತು."

"ಅಷ್ಟು ಭಾರದ್ದು?"

"ಎರಡು ಕಾಗೆ ಬಂದಿದ್ವು."

"ಮಳೆಗೆ ತಗಡು ಸೋರಿದ್ರೆ?"

"ಕೊಡೆ ಹಿಡೀತೀನಿ."

"ಅದಿರ್ಲಿ, ಮಧ್ಯಾಹ್ನ ಮೊಂಡು ಹಿಡಿದಾಗ ಇನ್ನು ಏನು ಮುಚ್ತೀಯಾ?"

"ಬಾಯಿ," ಎಂದಳು ನನ್ನ ತಂಗಿ.

ಬುರುಡೆ ಒಂದು ಸೀಳನ್ನು ಬೆಂಕಿಗೂಡಿನ ತಲೆಯ ಮೇಲೆ ಬಿಸಿಗಿಟ್ಟ. ಕೆಂಡ ಕೆದಕುವ ಸಲಾಕೆಯನ್ನು ಅವಳ ಕೈಗೆ ಕೊಟ್ಟ. ಸುಟ್ಟ ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತ ಗೋಡೆಯಾಚೆ ಹೋಗಿ, ಅಂಗಡಿಯ ಕದ ತೆಗೆದು, ಅವಳ ಸ್ಟೂಲಿನ ಮೇಲೆ ಕೂತ.